ಬೀಸುಕಲ್ಲಿನಿಂದ ವ್ಲಾಗ್‌ವರೆಗೆ: ನಮ್ಮ ಕಡೆ ಮನೆ ಮಾತು ಹೊರಗೆ ಬಂದ ದಾರಿ

ಜಮಖಂಡಿಯ ಒಂದು ಅಡುಗೆಮನೆ, ಸಿಂದಗಿ ಕಡೆಯ ತೊಗರಿ ಹೊಲ, ಬೆಳಗಾವಿಯಿಂದ ಗೋವಾಕ್ಕೆ ಹೊರಟ ಒಂದು ಕುಟುಂಬದ ಕಾರು. ಈಗ ಫೋನ್ ತೆರೆದರೆ ಐದೇ ನಿಮಿಷದಲ್ಲಿ ಈ ಮೂರನ್ನೂ ನೋಡಿ ಮುಗಿಸಬಹುದು. ಸೊಸೆ ರೊಟ್ಟಿ ಬಡಿಯುತ್ತಾ ಮಾತಾಡುತ್ತಾಳೆ, ಹಿಂದೆ ಅತ್ತೆ ಕಾಳು ಹಸನು ಮಾಡುತ್ತಾ ಕೂತಿರುತ್ತಾರೆ, ಮಗು ಕ್ಯಾಮೆರಾ ಮುಂದೆ ಬಂದು ನಾಲಿಗೆ ತೋರಿಸಿ ಓಡಿಹೋಗುತ್ತದೆ. ಇದನ್ನು ನೋಡಿದ ಹಿರಿಯರ ತಕರಾರು ಒಂದೇ: "ಮನಿ ಮಾತು ಮನ್ಯಾಗ ಇರಬೇಕ್ರಿ. ಈಗಿನವ್ರಿಗೆ ಅದು ತಿಳಿಯಂಗಿಲ್ಲ."

ಅರ್ಧ ನಿಜ. ಆದರೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮನೆ ಮಾತು ಯಾವತ್ತೂ ಪೂರ್ತಿ ಮನೆಯೊಳಗೆ ಉಳಿದಿರಲಿಲ್ಲ. ಯಾರು ಹೇಳಬಹುದು, ಹೇಗೆ ಹೇಳಬಹುದು ಅನ್ನೋದಕ್ಕೆ ಕಟ್ಟುಪಾಡು ಇತ್ತು, ಅಷ್ಟೇ. ಹೊಸ ಸಾಧನ ಬಂದಾಗಲೆಲ್ಲ ಆ ಕಟ್ಟುಪಾಡು ಸಡಿಲವಾಯಿತು, ಹೇಳುವವರು ಬದಲಾದರು. ಜಗಳ ಇರೋದು ಅಲ್ಲೇ.

ಬೀಸುವ ಪದಗಳನ್ನೇ ತಗೊಳ್ಳಿ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮೊದಲಾದ ಗೆಳೆಯರ ಒಂದು ಗುಂಪು ಇತ್ತು. ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು ಈ ಗುಂಪು 1931ರಲ್ಲಿ 'ಗರತಿಯ ಹಾಡು' ಸಂಗ್ರಹ ತಂದಿತು. ಅದರಲ್ಲಿ ಇರೋದು ರಾಜರ ಕಥೆ ಅಲ್ಲ. ತವರಿನ ನೆನಪು, ಅಣ್ಣನ ದಾರಿ ಕಾಯುವುದು, ಕೂಸಿನ ಆಟ, ಹಡೆದವ್ವ, ಗಂಡನ ಮನೆಯ ಸುಖ ದುಃಖ. ಅಂದರೆ ಇವತ್ತಿನ ಫ್ಯಾಮಿಲಿ ವ್ಲಾಗ್‌ನಲ್ಲಿ ಏನಿದೆಯೋ ಸುಮಾರು ಅದೇ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತ ಸೊಸೆ ಮನೆಯ ಕಷ್ಟವನ್ನು ಗಟ್ಟಿ ದನಿಯಲ್ಲೇ ಹಾಡಬಹುದಿತ್ತು, ಗೋಡೆಯಾಚೆ ಮಲಗಿದ ಅತ್ತೆಗೆ ಅದು ಕೇಳಿದರೂ ಕೇಳಿಸದ ಹಾಗೆ ಇರಬಹುದಿತ್ತು, ಯಾಕಂದರೆ ಅದು ಹಾಡು, ದೂರು ಅಲ್ಲ! ಹಾಡು ಕಟ್ಟಿದವಳ ಹೆಸರು ಮಾತ್ರ ಉಳಿಯಲಿಲ್ಲ. ಹೆಸರಿಲ್ಲದ್ದು ಅವಳಿಗೆ ನಷ್ಟವೂ ಹೌದು, ರಕ್ಷಣೆಯೂ ಹೌದು.

ಆಮೇಲೆ ಕಾಗದದ ಕಾಲ. ಭಾರತದಲ್ಲಿ ಪೋಸ್ಟ್‌ಕಾರ್ಡ್ ಶುರುವಾಗಿದ್ದು 1879ರ ಜುಲೈ 1ರಂದು, ಬೆಲೆ ಕಾಲು ಆಣೆ. 1956ರವರೆಗೆ ಬೆಳಗಾವಿ, ಬಿಜಾಪುರ ಎರಡೂ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. (ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ.) ಹಾಗಾಗಿ ದುಡಿಯೋಕೆ ಹೋಗುವ ದಾರಿಯೂ ಮುಂಬೈ, ಪುಣೆ, ಸೊಲ್ಲಾಪುರದ ಮಿಲ್ಲುಗಳ ಕಡೆಗೇ ಇತ್ತು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಈಗಲೂ ನಿಂತಿಲ್ಲ. ಅವರಿಗೂ ಊರಿಗೂ ನಡುವೆ ಇದ್ದದ್ದು ಈ ಕಾರ್ಡು. "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಬೇಕು" ಅಂತ ಶುರು. ಎಮ್ಮೆ ಈದಿದ್ದು, ಜೋಳದ ರಾಶಿ ಎಷ್ಟಾಯಿತು, ತಂಗಿಗೆ ಗಂಡು ನೋಡಿದ್ದು, ಸಾಲದವನು ಬಂದುಹೋದದ್ದು, ಎಲ್ಲವೂ ಅಂಗೈ ಅಗಲದ ಜಾಗದಲ್ಲಿ.

ಕಾರ್ಡು ಮುಚ್ಚಿರುತ್ತಿರಲಿಲ್ಲ. ಪೋಸ್ಟಿನವನು ಓದಬಹುದು, ಕಟ್ಟೆ ಮೇಲೆ ಕೂತವರೂ ಓದಬಹುದು. ಅದಕ್ಕಿಂತ ದೊಡ್ಡ ತೊಡಕು, ಬರೆಯೋಕೆ ಬಾರದವರು ಬೇರೆಯವರಿಂದ ಬರೆಸಬೇಕಿತ್ತು. ಸಾಲಿ ಮಾಸ್ತರರ ಮುಂದೆ ಕೂತು ಗಂಡನಿಗೆ ಕಾಗದ ಬರೆಸುವ ಹೆಂಗಸು ಏನು ತಾನೆ ಹೇಳಿಯಾಳು? ಮಾಸ್ತರರು ಅವಳ ಆಡುಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ, "ಇಂತಿ ನಿಮ್ಮ" ಅಂತ ಮುಗಿಸಿ ಕೊಡುತ್ತಿದ್ದರು. ಮಾತು ಊರು ದಾಟಿತು, ಆದರೆ ಅದು ಪೂರ್ತಿ ಅವಳ ಮಾತಾಗಿ ದಾಟಲಿಲ್ಲ. ಮುಚ್ಚಿ ಅಂಟಿಸುವ ಇನ್‌ಲ್ಯಾಂಡ್ ಕಾಗದ ಬಂದಾಗ ಸ್ವಲ್ಪ ಗುಟ್ಟು ಸಾಧ್ಯವಾಯಿತು. ಪೋಸ್ಟ್‌ಕಾರ್ಡ್ 50 ಪೈಸೆ, ಇನ್‌ಲ್ಯಾಂಡ್ ಎರಡೂವರೆ ರೂಪಾಯಿ. ಆ ಬೆಲೆಗೇ ನಿಂತಿವೆ, ಬರೆಯುವವರು ಇಲ್ಲ.

ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾಯಿತು. ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಹಾಕಿ ಮನೆಮಂದಿಯ ಹೆಸರೆಲ್ಲ ರೇಡಿಯೋದಲ್ಲಿ ಬರುವ ಹಾಗೆ ಮಾಡುವುದು ಒಂದು ಹುಚ್ಚಾಗಿತ್ತು. ಹಾಡಿಗಿಂತ ಹೆಸರು ಮುಖ್ಯ. ಇವತ್ತು "ನಮ್ಮ ಮುದ್ದೇಬಿಹಾಳಕ್ಕೆ ಒಂದು ಹಾಯ್ ಹೇಳ್ರಿ" ಅನ್ನುವವರ ಅಜ್ಜಂದಿರು ಅವರೇ.

ಕಂಪ್ಯೂಟರ್ ಬಂದಾಗ ಎಲ್ಲರೂ ಬರೆಯಬಹುದು ಅಂತ ಅನ್ನಿಸಿತು. ಹಾಗಾಗಲಿಲ್ಲ. ಬ್ಲಾಗರ್ ಸೇವೆ 1999ರಲ್ಲಿ ಶುರುವಾಯಿತು, 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ದುಡ್ಡು ಕೊಡದೆ ಯಾರು ಬೇಕಾದರೂ ತಮ್ಮ ಪುಟ ತೆರೆಯಬಹುದಿತ್ತು. ಆದರೆ ಕನ್ನಡದಲ್ಲಿ ಬರೆಯೋದು ಹೇಗೆ? 1998ರಲ್ಲಿ ಬರಹ ತಂತ್ರಾಂಶ ಬಂದಿತ್ತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಎರಡೂ ದೊಡ್ಡ ಉಪಕಾರ ಮಾಡಿದವು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ "ಅವ್ವ" ಅನ್ನೋದು ಯಾವುದೋ ಚಿಹ್ನೆಗಳ ಗುಂಪಾಗಿ ಕಾಣುತ್ತಿತ್ತು. ಒಂದೊಂದು ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಅದು ಮಾಮೂಲಿ ಕಂಪ್ಯೂಟರ್‌ಗೆ ಬಂದು ಮುಟ್ಟಿದ್ದು ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದಾಗ. ಅದಾದ ಮೇಲೂ ವಿಜಯಪುರದ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತವನು, ಸೆಟ್ಟಿಂಗ್ ಬದಲಿಸೋಕೆ ಬಿಡಿ ಅಂತ ಮಾಲೀಕನನ್ನು ಬೇಡಿಕೊಳ್ಳಬೇಕಿತ್ತು.

ಹೀಗಾಗಿ ಮೊದಲು ಬರೆದವರು ಯಾರು ಅಂತ ನೋಡಿದರೆ, ಊರು ಬಿಟ್ಟು ಹೋದವರು. ಬೆಂಗಳೂರು, ಪುಣೆ, ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ, ಮೇಜಿನ ಮೇಲೆ ಕಂಪ್ಯೂಟರ್ ಇದ್ದ ಗಂಡುಮಕ್ಕಳೇ ಜಾಸ್ತಿ. 2005ರಲ್ಲಿ ಶುರುವಾದ ಸಂಪದದಂಥ ತಾಣಗಳು ಅವರಿಗೆ ಓದುಗರನ್ನೂ ಕೊಟ್ಟವು. ಬರೆದದ್ದು ಏನು? ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿದ್ದು, ಸಜ್ಜಿ ರೊಟ್ಟಿ, ಅವ್ವನ ಮಾದಲಿ, ಅಜ್ಜನ ಚಕ್ಕಡಿ. ಚೆನ್ನಾಗಿಯೇ ಬರೆದರು, ಇಲ್ಲ ಅನ್ನಲ್ಲ. ಆದರೆ ಆ ಬರಹಗಳಲ್ಲಿ ಅವ್ವ ಸದಾ ರೊಟ್ಟಿ ಬಡಿಯುತ್ತಾಳೆ, ಸದಾ ನಗುತ್ತಾಳೆ. ಅವಳಿಗೆ ಮೊಣಕಾಲು ನೋವು ಇತ್ತೋ, ಚರಗದ ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಮಲಗಿದಳೋ ಯಾರೂ ಬರೆಯಲಿಲ್ಲ. ಮಗ ಬರೆದ, ಅವ್ವ ವಿಷಯವಾದಳು. ಅವಳನ್ನು ಯಾರೂ ಕೇಳಲಿಲ್ಲ. ಆಗ ಇದರ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ ಅನ್ನೋದನ್ನು ನೆನಪಿಡಿ. ಬರೆಯುವವನು ಗಂಡು, ಓದಿದವನು, ಕನ್ನಡವೂ ಪುಸ್ತಕದ್ದು. ಅದಕ್ಕೆ ಸಾಹಿತ್ಯ ಅಂತ ಹೆಸರಾಯಿತು. (2006ರ ಜುಲೈನಲ್ಲಿ ಮುಂಬೈ ರೈಲು ಸ್ಫೋಟದ ನಂತರ ಕೆಲವು ಪುಟಗಳನ್ನು ತಡೆಯಿರಿ ಅಂತ ಸರ್ಕಾರ ಹೇಳಿದ್ದಕ್ಕೆ ಇಂಟರ್ನೆಟ್ ಕಂಪನಿಗಳು ಬ್ಲಾಗರ್ ಪುಟಗಳಿರುವ ಬ್ಲಾಗ್‌ಸ್ಪಾಟ್ ಪೂರ್ತಿಯನ್ನೇ ಕೆಲವು ದಿನ ಮುಚ್ಚಿಬಿಟ್ಟಿದ್ದವು. ಅಜ್ಜನ ಚಕ್ಕಡಿಯೂ ಅದರ ಜೊತೆ ಮುಚ್ಚಿಹೋಗಿತ್ತು.)

ಈ ಬರಹಗಳು ನಿಜವಾಗಿ ಉಪಯೋಗಕ್ಕೆ ಬಂದದ್ದು ಬಾಗಲಕೋಟೆಯ ವಿಷಯದಲ್ಲಿ. ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಣೆಕಟ್ಟು ಕಟ್ಟೋಕೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು. 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತಿದ್ದಂತೆ ಹಳೆ ಬಾಗಲಕೋಟೆಯ ಓಣಿಗಳೂ ಎಷ್ಟೋ ಹಳ್ಳಿಗಳೂ ಹಿನ್ನೀರಿಗೆ ಹೋದವು. ಜನ ನವನಗರದ ಸೆಕ್ಟರ್ ನಂಬರಿನ ಮನೆಗಳಿಗೆ ಬಂದರು. ಸರ್ಕಾರದ ಕಡತದಲ್ಲಿ ಮನೆಯ ಅಳತೆ ಇರುತ್ತದೆ, ಪರಿಹಾರದ ಮೊತ್ತ ಇರುತ್ತದೆ. ಪಡಸಾಲೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ಯಾವ ಓಣಿಯ ಮೂಲೆಯಲ್ಲಿ ಹೋಳಿಯ ಹಲಗೆ ಬಾರಿಸುತ್ತಿದ್ದರು ಅನ್ನೋದು ಇರಲ್ಲ. ಅಂಥದ್ದನ್ನು ಉಳಿಸಿದ್ದು ಅಲ್ಲಿ ಬೆಳೆದವರು ಹಾಕಿದ ಹಳೆ ಫೋಟೋಗಳು, ಅದರ ಕೆಳಗೆ ಬರೆದ ನಾಲ್ಕು ಸಾಲು. ಅಣೆಕಟ್ಟನ್ನು 524.256 ಮೀಟರ್‌ಗೆ ಎತ್ತರಿಸುವ ಮಾತು ಇನ್ನೂ ಇದೆ, ಅಂದರೆ ಇನ್ನಷ್ಟು ಊರು ಮುಳುಗುತ್ತವೆ. ಆ ಊರಿನವರು ಈಗಲೇ ತಮ್ಮ ಮನೆ, ಕಟ್ಟೆ, ಗುಡಿಯ ವಿಡಿಯೋ ಮಾಡಿ ಇಡುತ್ತಿದ್ದರೆ ಅದನ್ನು ಚಟ ಅನ್ನೋಕೆ ನನಗೆ ಬಾಯಿ ಬರಲ್ಲ.

ಪ್ರವಾಸದ ಬರಹಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಾದಾಮಿ, ಐಹೊಳೆ, 1987ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪಟ್ಟದಕಲ್ಲು, ಗೋಳಗುಮ್ಮಟದಲ್ಲಿ ಕೂಗಿ ನೋಡುವುದು, ಗೋಕಾಕ ಫಾಲ್ಸ್, ಬರುವಾಗ ಕರದಂಟು. ಮುಕ್ಕಾಲು ಪಾಲು ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆದದ್ದು. ಏಪ್ರಿಲ್ ಬಿಸಿಲಲ್ಲಿ ಬಾದಾಮಿಯ ಮೆಟ್ಟಿಲು ಹತ್ತಬೇಡಿ, ಮಂಗಗಳಿಂದ ಚೀಲ ಕಾಪಾಡಿಕೊಳ್ಳಿ ಅಂತ ಬರೆದವರೇ ಪುಣ್ಯವಂತರು. ಇನ್ನೊಂದು, 2014ರ ನವೆಂಬರ್ 1ರಂದು ಬೆಲ್ಗಾಂ ಅಧಿಕೃತವಾಗಿ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಹಳೆಯದನ್ನು ಹುಡುಕುವಾಗ ಬಿಜಾಪುರ ಅಂತಲೂ ಹಾಕಿ ನೋಡಿ.

ಬದಲಾವಣೆ ಶುರುವಾಗಿದ್ದು ಕೈಯೊಳಗಿನ ಫೋನಿನಿಂದ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೆ ಬೆಂಬಲ ಸಿಕ್ಕಿತು. ಅದಕ್ಕೂ ಮುಂಚೆ ಎಷ್ಟೋ ಫೋನ್‌ಗಳಲ್ಲಿ ಕನ್ನಡ ಅಂದರೆ ಖಾಲಿ ಡಬ್ಬಿಗಳ ಸಾಲು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಮೊದಲು ಪುಕ್ಕಟೆ, ಆಮೇಲೆ ಅಗ್ಗ. ಆಗ ಬರೆಯುವ ಅಗತ್ಯವೇ ತಪ್ಪಿತು. ಮಾತಾಡಿದರೆ ಸಾಕು. ಮಾಸ್ತರರು ಬೇಡ, ಪುಸ್ತಕದ ಕನ್ನಡ ಬೇಡ, "ಹೆಂಗದೀರಿ, ಎಲ್ಲಾರೂ ಆರಾಮ?" ಅಂತ ಶುರು ಮಾಡಿದರೆ ಮುಗಿಯಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ನೀರು ಹೊಕ್ಕ ಮನೆಗಳನ್ನು ಹೊರಗಿನವರು ನೋಡಿದ್ದು ಜನರ ಫೋನ್ ವಿಡಿಯೋಗಳಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲೇ ಸಿಕ್ಕಿಬಿದ್ದರು. ಅದೇ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಅಲ್ಲಿದ್ದವರು ಯೂಟ್ಯೂಬ್‌ಗೂ ಇನ್‌ಸ್ಟಾಗ್ರಾಂ ರೀಲ್ಸ್‌ಗೂ ಬಂದರು. ಮೊದಲ ಸಲ ಇಳಕಲ್ ಸೀರೆ ಉಟ್ಟ, ಗುಳೇದಗುಡ್ಡ ಖಣದ ಕುಪ್ಪಸ ತೊಟ್ಟ ಹೆಂಗಸರೇ ಕ್ಯಾಮೆರಾ ಹಿಡಿದರು, ತಮ್ಮ ಮೊಣಕಾಲು ನೋವಿನ ಬಗ್ಗೆ ತಾವೇ ಹೇಳಿದರು.

ತಕರಾರು ಜೋರಾಗಿದ್ದೂ ಆಗಲೇ. ಇದು ಸುಮ್ನೆ ಕಾಕತಾಳೀಯ ಅಂತ ನನಗೆ ಅನ್ನಿಸಲ್ಲ. ಮಗ ಅವ್ವನ ಬಗ್ಗೆ ಬರೆದಾಗ ಇಲ್ಲದ ಮರ್ಯಾದೆಯ ಪ್ರಶ್ನೆ, ಸೊಸೆ ಅತ್ತೆಯ ಬಗ್ಗೆ ಮಾತಾಡಿದಾಗ ಬಂತು.

ಹಾಗಂತ ತಕರಾರು ಪೂರ್ತಿ ಪೊಳ್ಳೂ ಅಲ್ಲ. ಬೀಸುವ ಪದದಲ್ಲಿ ಅತ್ತೆಗೆ ಮುಖ ಇರಲಿಲ್ಲ, ವಿಡಿಯೋದಲ್ಲಿ ಇದೆ. ಕಾಳು ಹಸನು ಮಾಡುತ್ತಾ ಕೂತ ಆ ಹಿರಿಯರನ್ನು ಯಾರಾದರೂ ಒಂದು ಮಾತು ಕೇಳಿದ್ದಾರಾ? ಕೇಳಿದರೂ, ಎಷ್ಟು ಜನ ನೋಡುತ್ತಾರೆ ಅನ್ನೋದು ಅವರಿಗೆ ಅಂದಾಜು ಇದೆಯಾ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ, ಒಬ್ಬ ವ್ಯಕ್ತಿ ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ಹೊರಗಿಟ್ಟಿದೆ. ಆದರೆ ಜಾಹೀರಾತಿನ ದುಡ್ಡು ಬರುವ ಅಡುಗೆಮನೆ ವಿಡಿಯೋ ಮನೆಯ ಉದ್ದೇಶವೋ, ಉದ್ಯೋಗವೋ? ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಚಿಕ್ಕ ಮಕ್ಕಳು ಇರುವ ವಿಡಿಯೋಗಳ ಕೆಳಗೆ ಕೆಟ್ಟ ಮಾತುಗಳು ಬಂದವು ಅಂತ ಯೂಟ್ಯೂಬ್ 2019ರಲ್ಲಿ ಅಂಥ ಬಹುಪಾಲು ವಿಡಿಯೋಗಳಿಗೆ ಕಮೆಂಟ್ ಹಾಕುವುದನ್ನೇ ನಿಲ್ಲಿಸಿತು. ಕೂಸಿನ ಸ್ನಾನದ ವಿಡಿಯೋ ಹಾಕುವವರು ಇದೊಂದನ್ನು ಯೋಚಿಸಿದರೆ ಸಾಕು.

ಕೆಲವರು ದಾರಿ ಕಂಡುಕೊಂಡಿದ್ದಾರೆ. ಬರೀ ಕೈ, ಹಂಚು, ರೊಟ್ಟಿ ಅಷ್ಟೇ ತೋರಿಸುತ್ತಾರೆ, ದನಿ ಮಾತ್ರ ತಮ್ಮದು. ಮಕ್ಕಳ ಸಾಲಿಯ ಹೆಸರು ಹೇಳಲ್ಲ, ಊರಿಗೆ ಹೋಗಿದ್ದನ್ನು ವಾಪಸ್ ಬಂದ ಮೇಲೆ ಹಾಕುತ್ತಾರೆ.

ಇನ್ನೊಂದು ವಿಷಯ ಮಾತ್ರ ಕಡಿಮೆ ಜನ ಮಾತಾಡುತ್ತಾರೆ, ಅದು ದುಡ್ಡು. ಯೂಟ್ಯೂಬ್‌ನಲ್ಲಿ ಉದ್ದ ವಿಡಿಯೋಗಳಿಂದ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು ಅನ್ನೋ ನಿಯಮ 2018ರಿಂದ ಇದೆ. ಅಲ್ಲಿಗೆ ಮುಟ್ಟಿದ ಮೇಲೆ ಗೂಗಲ್ ಆ ದುಡ್ಡು ಹಾಕುವ ಆಡ್‌ಸೆನ್ಸ್ ಖಾತೆ ಬೇಕು. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸೋಕೆ ಒಂದು ಪಿನ್ ನಂಬರ್ ಅಂಚೆಯಲ್ಲಿ ಮನೆಗೆ ಬರುತ್ತದೆ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಅಡುಗೆ ಅವಳದ್ದು, ಮಾತು ಅವಳದ್ದು, ಮುಖ ಅವಳದ್ದು. ಆ ಲಕೋಟೆ ಮೇಲಿನ ಹೆಸರು ಗಂಡನದ್ದೋ ಮೈದುನನದ್ದೋ ಆಗಿರುತ್ತದೆ, ಯಾಕಂದರೆ ಮೊದಲ ದಿನ ಫೋನ್ ಹಿಡಿದು ಖಾತೆ ತೆರೆದುಕೊಟ್ಟವರು ಅವರು. ಒಬ್ಬರ ಹೆಸರಿನ ಆಡ್‌ಸೆನ್ಸ್ ಖಾತೆಯನ್ನು ಇನ್ನೊಬ್ಬರ ಹೆಸರಿಗೆ ವರ್ಗ ಮಾಡೋಕೆ ಬರಲ್ಲ. ಹೊಸದನ್ನು ತೆರೆದು ಚಾನೆಲ್‌ಗೆ ಜೋಡಿಸಬೇಕು. ಚಾನೆಲ್ ಶುರು ಮಾಡೋ ವಿಚಾರ ಇರುವ ಅಕ್ಕಂದಿರೇ, ವೈನಿಗಳೇ, ಮೊದಲು ನಿಮ್ಮ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ ಮಾಡಿಸಿ, ಜಿಮೇಲ್ ಪಾಸ್‌ವರ್ಡ್ ನೀವೇ ಇಟ್ಟುಕೊಳ್ಳಿ.