ಹವಾಮಾನ ಕೆಟ್ಟಾಗ ಯಾವ ವಿಮಾನ ರದ್ದಾಗುತ್ತದೆ, ಯಾಕೆ?

ಇದನ್ನು ಕಲಿಯುವಾಗ ನಾನು ಮೊದಲು ಎಡವಿದ್ದು ಒಂದು ಕಡೆ. ವಿಮಾನ ರದ್ದು ಮಾಡುವವರು ಪೈಲಟ್ ಎಂದುಕೊಂಡಿದ್ದೆ. ಹಾರುವುದು ಸುರಕ್ಷಿತವಲ್ಲ ಎಂದು ಕ್ಯಾಪ್ಟನ್ ಹೇಳಿದರೆ ವಿಮಾನ ಹೊರಡುವುದಿಲ್ಲ, ಅದು ಸರಿ. ಆದರೆ ಬಿರುಗಾಳಿ ಬರುವ ಹಿಂದಿನ ದಿನವೇ ನೂರಾರು ವಿಮಾನಗಳು ರದ್ದಾಗುತ್ತವೆ, ಅಲ್ವಾ? ಆ ತೀರ್ಮಾನ ಆಗುವುದು ವಿಮಾನ ಕಂಪನಿಯ ಕಂಟ್ರೋಲ್ ಸೆಂಟರ್‌ನಲ್ಲಿ. ಹವಾಮಾನ ನೋಡುವವರು, ಪ್ರತಿ ಹಾರಾಟದ ಯೋಜನೆ ಹಾಕುವ ಡಿಸ್ಪ್ಯಾಚರ್‌ಗಳು, ಸಿಬ್ಬಂದಿಯ ಡ್ಯೂಟಿ ಹಾಕುವವರು, ರಿಪೇರಿ ವಿಭಾಗದವರು ಅಲ್ಲಿ ಒಟ್ಟಿಗೆ ಕೂತಿರುತ್ತಾರೆ. "ಈ ವಿಮಾನ ಹಾರಬಹುದಾ?" ಎಂಬುದಷ್ಟೇ ಅವರ ಪ್ರಶ್ನೆಯಲ್ಲ. "ನಾಳೆ ಬೆಳಿಗ್ಗೆ ನಮ್ಮ ವಿಮಾನಗಳು, ನಮ್ಮ ಜನ ಎಲ್ಲಿರುತ್ತಾರೆ?" ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಹಾರಾಟದ ಮಿತಿಗಳನ್ನು ಬೇಗ ಮುಗಿಸೋಣ. ಮಂಜಿದ್ದಾಗ ರನ್‌ವೇ ಎಷ್ಟು ದೂರ ಕಾಣುತ್ತದೆ ಎಂದು ಮೀಟರ್‌ನಲ್ಲಿ ಅಳೆಯುತ್ತಾರೆ. ಉಪಕರಣಗಳ ನೆರವಿನಿಂದ ಇಳಿಯುವುದರಲ್ಲಿ ಕ್ಯಾಟ್ ಎಂಬ ದರ್ಜೆಗಳಿವೆ. ಕ್ಯಾಟ್ 1 ಇಳಿಕೆಗೆ ಸಾಮಾನ್ಯವಾಗಿ 550 ಮೀಟರ್ ಬೇಕು, ಕ್ಯಾಟ್ 2ಕ್ಕೆ 300 ಸಾಕು. ಕ್ಯಾಟ್ 3ರಲ್ಲಿ ಅದಕ್ಕೂ ಕಡಿಮೆ ಇದ್ದರೂ ಇಳಿಯಬಹುದು. ಆದರೆ ವಿಮಾನ, ರನ್‌ವೇ, ಪೈಲಟ್ ಮೂರಕ್ಕೂ ಅನುಮತಿ ಇರಬೇಕು. ಹಾಗಾಗಿ ಒಂದೇ ಮಂಜಿನಲ್ಲಿ ಒಂದು ವಿಮಾನ ಇಳಿಯುತ್ತದೆ, ಇನ್ನೊಂದು ಬೇರೆ ಊರಿಗೆ ಹೋಗುತ್ತದೆ. ಅಡ್ಡಗಾಳಿಗೂ ಹೀಗೇ ಮಿತಿ ಇದೆ. ಹತ್ತಿರದಲ್ಲಿ ಸಿಡಿಲಿದ್ದರೆ ಇಂಧನ ತುಂಬುವವರು, ಲಗೇಜ್ ಹಾಕುವವರು ಕೆಲಸ ನಿಲ್ಲಿಸುತ್ತಾರೆ. ವಿಮಾನಕ್ಕೆ ಏನೂ ಆಗದಿದ್ದರೂ ಅದು ನಿಂತಲ್ಲೇ ನಿಲ್ಲುತ್ತದೆ.

ನಿಜವಾದ ಇಕ್ಕಟ್ಟು ಇಲ್ಲಿಂದ ಶುರು. ಒಂದು ನಿಲ್ದಾಣದಲ್ಲಿ ಗಂಟೆಗೆ 60 ವಿಮಾನ ಇಳಿಯುತ್ತವೆ ಎಂದುಕೊಳ್ಳಿ. ಮೋಡ ಕೆಳಗಿಳಿದರೆ ವಿಮಾನಗಳ ನಡುವೆ ಅಂತರ ಜಾಸ್ತಿ ಬೇಕು, ಇಳಿಯುವುದು 30ಕ್ಕೆ ಬರುತ್ತದೆ. ಉಳಿದ 30 ಮುಂದಿನ ಗಂಟೆಯ ಮೇಲೆ ಬೀಳುತ್ತವೆ, ಆ ಗಂಟೆಗೋ ತನ್ನದೇ 60 ಇವೆ. ಅದಕ್ಕೇ ಟ್ರಾಫಿಕ್ ಕಂಟ್ರೋಲ್‌ನವರು ಪ್ರತಿ ವಿಮಾನಕ್ಕೂ ಇಳಿಯುವ ಹೊತ್ತು ಹಂಚುತ್ತಾರೆ. ಅಮೆರಿಕದಲ್ಲಿ ಕಂಪನಿ ತನ್ನ ಒಂದು ವಿಮಾನ ರದ್ದು ಮಾಡಿ, ಆ ಹೊತ್ತನ್ನು ತನ್ನದೇ ಇನ್ನೊಂದು ವಿಮಾನಕ್ಕೆ ಕೊಡಬಹುದು. ಈಗ ಲೆಕ್ಕ ಹಾಕಿ. 50 ಸೀಟಿನದನ್ನು ಬಿಟ್ಟು 180 ಸೀಟಿನದನ್ನು ಇಳಿಸಿದರೆ ತೊಂದರೆ ಕಡಿಮೆ ಜನಕ್ಕೆ. ಒಂದೇ ಊರಿಗೆ ದಿನಕ್ಕೆ ಎಂಟು ಸಲ ಹೋಗುವ ಮಾರ್ಗವಾದರೆ, ರದ್ದಾದ ವಿಮಾನದ ಪ್ರಯಾಣಿಕರಿಗೆ ಇನ್ನೊಂದು ದಾರಿ ಸಿಗುತ್ತದೆ. ದಿನಕ್ಕೊಂದೇ ಇರುವ ದೂರದ ವಿಮಾನವನ್ನು ಆದಷ್ಟು ಉಳಿಸಿಕೊಳ್ಳುತ್ತಾರೆ. ಸಾಧ್ಯವಾದಾಗ ಹೋಗಿ ಬರುವ ಎರಡನ್ನೂ ಜೋಡಿಯಾಗಿ ತೆಗೆಯುತ್ತಾರೆ, ಇಲ್ಲದಿದ್ದರೆ ವಿಮಾನ ಬೇಡದ ಊರಲ್ಲಿ ಉಳಿದುಬಿಡುತ್ತದೆ. ಆಕಾಶ ತಿಳಿಯಾಗಿರುವ ಊರಲ್ಲೂ ವಿಮಾನ ರದ್ದಾಗುವುದು ಇದಕ್ಕೇ. ಸುಮ್ನೆ ನೆಪ ಹೇಳುತ್ತಿದ್ದಾರೆ ಎಂದು ಅನಿಸಬಹುದು, ಆದರೆ ನಿಮ್ಮನ್ನು ಕರೆದೊಯ್ಯಬೇಕಾದ ವಿಮಾನ ಮಳೆಯಿರುವ ಊರಿಂದ ಬಂದೇ ಇರುವುದಿಲ್ಲ.

ಹಾಗಾದರೆ ತಡವಾಗಿಯಾದರೂ ಹಾರಿಸಬಾರದೇ? ಕಾದಷ್ಟೂ ಸಿಬ್ಬಂದಿಯ ಡ್ಯೂಟಿ ಗಂಟೆ ಕರಗುತ್ತದೆ. 2014ರಿಂದ ಜಾರಿಯಲ್ಲಿರುವ ಅಮೆರಿಕದ ನಿಯಮದಲ್ಲಿ, ಇಬ್ಬರು ಪೈಲಟ್‌ಗಳ ಹಾರಾಟಕ್ಕೆ ಡ್ಯೂಟಿ ಮಿತಿ 9ರಿಂದ 14 ಗಂಟೆ. ಎಷ್ಟು ಹೊತ್ತಿಗೆ ಶುರು ಮಾಡಿದರು, ಎಷ್ಟು ಹಾರಾಟ ಇದೆ ಎಂಬುದರ ಮೇಲೆ ಅದು ನಿಂತಿದೆ. ಮಿತಿ ಮೀರುವ ಹಾಗಿದ್ದರೆ ಮಳೆ ನಿಂತರೂ ಹಾರಿಸುವವರು ಇರುವುದಿಲ್ಲ.

ಕಾದು ಕೆಟ್ಟ ಉದಾಹರಣೆ ಅಮೆರಿಕದ ವಿಮಾನ ಕಂಪನಿ ಜೆಟ್‌ಬ್ಲೂ. 2007ರ ಫೆಬ್ರವರಿ 14ರಂದು ನ್ಯೂಯಾರ್ಕ್‌ನಲ್ಲಿ ಹಿಮಮಳೆ ಬಿತ್ತು. ಬೇರೆ ಕಂಪನಿಗಳು ಬೇಗ ರದ್ದು ಮಾಡಿದವು. ಇವರು ವಾತಾವರಣ ತಿಳಿಯಾದೀತು ಎಂದು ಕಾದರು. ಜನ 6 ಗಂಟೆಗೂ ಜಾಸ್ತಿ ನೆಲದ ಮೇಲೇ ವಿಮಾನದೊಳಗೆ ಸಿಕ್ಕಿಕೊಂಡರು. ಮುಂದಿನ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. 2010ರಲ್ಲಿ ಅಮೆರಿಕ ಸರ್ಕಾರ, ದೇಶದೊಳಗಿನ ಹಾರಾಟದಲ್ಲಿ 3 ಗಂಟೆಯೊಳಗೆ ಪ್ರಯಾಣಿಕರಿಗೆ ಇಳಿಯಲು ಅವಕಾಶ ಕೊಡಬೇಕು ಎಂಬ ನಿಯಮ ತಂದಿತು. ಬೇಗ ರದ್ದು ಮಾಡಲು ಅದೂ ಒಂದು ಕಾರಣವಾಯಿತು.

2022ರ ಡಿಸೆಂಬರ್‌ನಲ್ಲಿ ಅಮೆರಿಕದ್ದೇ ಇನ್ನೊಂದು ಕಂಪನಿ ಸೌತ್‌ವೆಸ್ಟ್‌ಗೆ ಆದದ್ದು ಇನ್ನೂ ಗಂಭೀರ. ಚಳಿಗಾಳಿ ಹೋದರೂ ರದ್ದು ನಿಲ್ಲಲಿಲ್ಲ. ವಿಮಾನ ಇತ್ತು, ಪೈಲಟ್‌ಗಳೂ ಇದ್ದರು. ಯಾರು ಯಾವ ಊರಲ್ಲಿದ್ದಾರೆ ಎಂದು ಹಿಡಿಯಲು ಡ್ಯೂಟಿ ಹಾಕುವ ಸಾಫ್ಟ್‌ವೇರ್‌ಗೆ ಆಗಲಿಲ್ಲ. 16 ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. ಕೊನೆಗೆ ಕಂಪನಿ ಕೆಲವು ದಿನ ವೇಳಾಪಟ್ಟಿಯ ಮೂರನೇ ಒಂದರಷ್ಟನ್ನು ಮಾತ್ರ ಹಾರಿಸಿತು. ಆ ಬಿಡುವಿನಲ್ಲಿ ವಿಮಾನ, ಸಿಬ್ಬಂದಿಯನ್ನು ಇರಬೇಕಾದ ಊರಿಗೆ ಸೇರಿಸಿ, ಡಿಸೆಂಬರ್ 30ರಂದು ಮತ್ತೆ ಎಂದಿನಂತೆ ಹಾರಾಟ ಶುರು ಮಾಡಿತು.