ಮಳೆಯಲ್ಲಿ ನೆನೆದ ಚೈನಿಗೆ ಹಳೆಯ ಆಯಿಲ್ ಹಾಕಬಹುದೇ?

ಮಳೆಯಲ್ಲಿ ಸೈಕಲ್ ಓಡಿಸಿದ ಮೇಲೆ ಚೈನಿಗೆ ತುಕ್ಕು ಹಿಡಿಯದಂತೆ ಬೈಕಿನಿಂದ ಇಳಿಸಿದ ಹಳೆಯ ಆಯಿಲ್ ಹಾಕಬಹುದೇ ಎಂದು ಓದುಗರೊಬ್ಬರು ಕೇಳಿದ್ದಾರೆ.

ಹಾಕಬಾರದು. ಮುಂಗಾರು ಹಿಡಿದು ಜೇವರ್ಗಿ, ಅಫಜಲಪುರ ಕಡೆಯ ರಸ್ತೆಗಳ ಮೇಲೆ ಟ್ರ್ಯಾಕ್ಟರ್ ಗಾಲಿಗಳು ಹೊಲದ ಎರೆಮಣ್ಣನ್ನು ತಂದು ಹರಡಿದವೆಂದರೆ ಪ್ರತಿ ವರ್ಷವೂ ಇದೇ ಪ್ರಶ್ನೆ ಬರುತ್ತದೆ. ಬೇಡವೆಂದ ಕೂಡಲೇ “ನಮ್ಮ ಮಿಸ್ತ್ರಿ ಹಾಕ್ತಾನಲ್ರೀ ಸರ್” ಎಂಬ ಮಾತೂ ತಪ್ಪದೆ ಬರುತ್ತದೆ. ಆದ್ದರಿಂದ ಈ ಸಲ ಕಾರಣವನ್ನೂ ಬರೆಯುತ್ತೇನೆ.

ಹಳೆಯ ಆಯಿಲ್ ತುಕ್ಕನ್ನು ತಡೆಯುತ್ತದೆ ಎಂಬುದು ಸುಳ್ಳಲ್ಲ. ಆದರೆ ನೆನೆದ ಚೈನಿನ ಹೊರಪಟ್ಟಿಗಳ ಮೇಲೆ ಒಂದೇ ರಾತ್ರಿಯಲ್ಲಿ ಕಾಣಿಸಿಕೊಳ್ಳುವ ತೆಳುವಾದ ಕಂದು ತುಕ್ಕಿನಿಂದ ಚೈನು ಹಾಳಾಗುವುದು ಕಡಿಮೆ. ನಿಜವಾದ ಸವೆತ ನಡೆಯುವುದು ಪ್ರತಿ ಕೊಂಡಿಯ ಪಿನ್ನಿಗೂ ಅದನ್ನು ಸುತ್ತಿಕೊಂಡ ಬುಶ್ಶಿಗೂ ನಡುವಿನ ಕಿರಿದಾದ ಸಂದಿಯಲ್ಲಿ. ಬೈಕಿನಿಂದ ಇಳಿಸಿದ ಆಯಿಲ್‌ನಲ್ಲಿ ಮಸಿ, ಎಂಜಿನ್ ಸವೆದು ಬಿಟ್ಟ ಲೋಹದ ಕಣಗಳು ಮತ್ತು ಇಂಧನ ಉರಿದಾಗ ಹುಟ್ಟಿದ ಆಮ್ಲಗಳಿರುತ್ತವೆ. ಅದರ ಕಪ್ಪು ಬಣ್ಣವನ್ನು ಶಕ್ತಿಯೆಂದು ತಿಳಿಯುವವರು ಮಸಿಯನ್ನೇ ಮೆಚ್ಚುತ್ತಿದ್ದಾರೆ. ಬೈಕಿಗೆ ನಡೆದದ್ದು ಸೈಕಲಿಗೆ ಏಕೆ ನಡೆಯದು ಎಂಬ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಎಂಜಿನ್‌ನ ಆಯಿಲ್ ಮುಚ್ಚಿದ ಪೆಟ್ಟಿಗೆಯೊಳಗೆ ಸುತ್ತುತ್ತದೆ, ಸೈಕಲಿನ ಚೈನಾದರೋ ನೆಲದಿಂದ ಗೇಣೆತ್ತರದಲ್ಲಿ ಬಟ್ಟಬಯಲಾಗಿ ಓಡುತ್ತದೆ. ಧಾರಾಳವಾಗಿ ಸುರಿದ ಆಯಿಲ್‌ಗೆ ರಸ್ತೆಯ ಮರಳು, ಗರಸಿನ ಪುಡಿ ಅಂಟಿಕೊಂಡು ಎಂಜಿನ್ನಿನ ವಾಲ್ವ್ ಉಜ್ಜಿ ಸವೆಸಲು ಬಳಸುವ ತರಿತರಿ ಪೇಸ್ಟಿನಂಥ ಲೇಪವಾಗುತ್ತದೆ, ಪೆಡಲ್ ತುಳಿದಂತೆಲ್ಲ ಅದು ಪಿನ್ನಿನತ್ತ ಇಳಿಯುತ್ತದೆ. ಹಳೆಯ ಆಯಿಲನ್ನು ಬರಿಗೈಯಿಂದ ಬಳಿಯುವುದು ಚರ್ಮಕ್ಕೂ ಕೇಡು.

ಮಾಡಬೇಕಾದದ್ದು ಇಷ್ಟೇ. ಎರೆಮಣ್ಣು ಒಣಗಿ ಗಟ್ಟಿಯಾಗುವ ಮೊದಲೇ ಬಕೆಟ್ ನೀರಿನಿಂದ ತೊಳೆಯಿರಿ. ವಾಷಿಂಗ್ ಸೆಂಟರಿನ ಜೋರು ನೀರನ್ನು ಗಾಲಿಯ ನಡುವಿನ ಹಬ್ ಮೇಲೆ ಬಿಡಬೇಡಿ, ಅದು ಬೇರಿಂಗ್‌ನ ಗ್ರೀಸನ್ನು ತೊಳೆದುಹಾಕುತ್ತದೆ. ಚೈನನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕೊಂಡಿಗಳ ನಡುವೆ ಉರುಳುವ ಪ್ರತಿ ರೋಲರಿಗೆ ಒಂದು ಹನಿಯಂತೆ ಶುದ್ಧ ಎಣ್ಣೆ ಹಾಕಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಹೊಸ ಎಂಜಿನ್ ಆಯಿಲ್ ಆದರೂ ನಡೆದೀತು. ಹೊಲಿಗೆ ಯಂತ್ರದ ಎಣ್ಣೆ ತೆಳು, ಮುಂದಿನ ಮಳೆಗೇ ತೊಳೆದುಹೋಗುತ್ತದೆ.

ಚೈನು ಸಡಿಲವಾದಾಗ ಒಂದು ಕೊಂಡಿ ತೆಗೆಸಿ ಮತ್ತೆ ಬಿಗಿ ಮಾಡಿಸಿಕೊಳ್ಳುವ ರೂಢಿಯ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಚೈನು ಎಳೆದು ಉದ್ದವಾಗುವುದಿಲ್ಲ. ಪ್ರತಿ ಪಿನ್ನೂ ಚೂರುಚೂರು ಸವೆದು ಒಟ್ಟು ಉದ್ದ ಹೆಚ್ಚುತ್ತದೆ. ಕೊಂಡಿ ತೆಗೆದರೆ ಸಡಿಲ ಹೋದೀತೇ ಹೊರತು ಉಳಿದ ಪಿನ್ನುಗಳ ಸವೆತ ಹಾಗೆಯೇ ಉಳಿಯುತ್ತದೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ಅಂತರವಿರುವುದರಿಂದ 24 ಅಂತರಗಳು ಸರಿಯಾಗಿ 12 ಇಂಚು ಆಗಬೇಕು. ಚೈನನ್ನು ಬಿಗಿಯಾಗಿ ಎಳೆದು ಹಿಡಿದು ಉಕ್ಕಿನ ಸ್ಕೇಲಿನಿಂದ ಅಳೆಯಿರಿ: ಸುಮಾರು 3 ಮಿಲಿಮೀಟರ್ ಹೆಚ್ಚು ಬಂದರೆ ಅದನ್ನು ಬದಲಿಸಬೇಕು. ಅಷ್ಟರಲ್ಲಿ ಹಿಂದಿನ ಗಾಲಿಯ ಹಲ್ಲುಚಕ್ರವಾದ ಫ್ರೀವೀಲಿನ ಹಲ್ಲುಗಳೂ ಹಳೆಯ ಚೈನಿನ ಅಳತೆಗೆ ಸವೆದಿರುವುದರಿಂದ, ಹೊಸ ಚೈನು ಹಾಕಿದ ಮೇಲೆ ಜೋರಾಗಿ ತುಳಿದಾಗ ಅದು ಹಲ್ಲಿನ ಮೇಲೆ ಜಿಗಿದರೆ ಫ್ರೀವೀಲನ್ನೂ ಬದಲಿಸಿ; ಚೈನು ಕೊಟ್ಟ ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ.