ಏಡಿಗೆ ಹತ್ತಿರದ ನೆಂಟ ಯಾರು: ಸಿಂಪಿಯೋ, ಜಿರಳೆಯೋ?

ಪ್ರಾಣಿಗಳ ವರ್ಗೀಕರಣ ಓದುವಾಗ ನನಗೆ ಜಾಸ್ತಿ ಗೊಂದಲ ತಂದ ಪದ ‘ಶೆಲ್‌ಫಿಶ್’. ಏಡಿ, ಸೀಗಡಿ, ಲಾಬ್‌ಸ್ಟರ್, ಸಿಂಪಿ, ಕಪ್ಪೆಚಿಪ್ಪು, ಎಲ್ಲಕ್ಕೂ ಇದೇ ಹೆಸರು. ಬಹುತೇಕ ಎಲ್ಲವೂ ನೀರಿನಲ್ಲಿರುತ್ತವೆ, ಎಲ್ಲಕ್ಕೂ ಗಟ್ಟಿ ಹೊದಿಕೆ ಇದೆ. ಒಂದೇ ಮನೆಯವು ಅನ್ನಿಸುವುದು ಸಹಜ, ಅಲ್ವಾ? ಆದರೆ ಅದು ಅಡುಗೆಮನೆಯಲ್ಲಿ ಹುಟ್ಟಿದ ಪದ. ಜೀವಶಾಸ್ತ್ರದ ಲೆಕ್ಕದಲ್ಲಿ ಏಡಿಗೆ ಸಿಂಪಿಗಿಂತ ಜಿರಳೆಯೇ ಹತ್ತಿರ. ಅದು ಹೇಗೆ ಗೊತ್ತಾಯಿತು ಅನ್ನೋದೇ ಈ ಪಾಠದ ಸೊಗಸು. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಚಿಪ್ಪು ಬೇರೆ, ಕವಚ ಬೇರೆ

ಸಿಂಪಿ, ಕಪ್ಪೆಚಿಪ್ಪು, ಬಸವನಹುಳು ಮೃದ್ವಂಗಿಗಳು, ಅಂದರೆ ಮೆತ್ತನೆಯ ಮೈಯವು. ಏಡಿ, ಸೀಗಡಿ ಸಂಧಿಪದಿಗಳು, ಅಂದರೆ ಕೀಲುಗಾಲಿನವು. ಕೀಟ, ಜೇಡ, ಚೇಳು, ಶತಪದಿಗಳೂ ಇದೇ ಗುಂಪಿನವು.

ಒಂದು ಕಪ್ಪೆಚಿಪ್ಪನ್ನು ಕೈಯಲ್ಲಿ ಹಿಡಿದು ನೋಡಿ. ಎರಡು ಚಿಪ್ಪು ಕೂಡುವ ಜಾಗದಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ಅಲ್ಲಿಂದ ಅಂಚಿನವರೆಗೆ ಬಿಲ್ಲಿನಂತೆ ಬಾಗಿದ ಗೆರೆಗಳು, ಒಂದರ ಹೊರಗೆ ಇನ್ನೊಂದು. ಅವು ಬೆಳವಣಿಗೆಯ ಗೆರೆಗಳು. ಮ್ಯಾಂಟಲ್ ಎಂಬ ಮೆತ್ತನೆಯ ಭಾಗ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸ್ರವಿಸಿ ಅಂಚಿಗೆ ಹೊಸ ಪದರ ಕಟ್ಟುತ್ತಾ ಹೋಗುತ್ತದೆ. ಒಳಗಿನ ಪ್ರಾಣಿ ದೊಡ್ಡದಾದಂತೆ ಚಿಪ್ಪೂ ದೊಡ್ಡದಾಗುತ್ತದೆ. ಸವೆದು ಹೋಗಿಲ್ಲದಿದ್ದರೆ ಮರಿಯಾಗಿದ್ದಾಗಿನ ಚಿಪ್ಪು ಇನ್ನೂ ಆ ಉಬ್ಬಿನಲ್ಲೇ ಇರುತ್ತದೆ.

ಏಡಿಯ ಕವಚದಲ್ಲಿ ಇಂಥ ಗೆರೆ ಹುಡುಕಿದರೆ ಸಿಗಲ್ಲ. ಅದು ಕೈಟಿನ್ ಎಂಬ ನಾರಿನಂಥ ವಸ್ತು ಮತ್ತು ಪ್ರೋಟೀನಿನಿಂದ ಆದ ಹೊರಪದರ. ಅದರೊಳಗೆ ಸುಣ್ಣದ ಅಂಶ ಸೇರಿ ಗಟ್ಟಿಯಾಗಿರುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಹಿಗ್ಗುವುದಿಲ್ಲ. ಹಾಗಾಗಿ ಬೆಳೆಯಬೇಕೆಂದರೆ ಪೊರೆ ಬಿಡಲೇಬೇಕು. ಹಳೆಯ ಕವಚದ ಕೆಳಗೆ ಮೆತ್ತನೆಯ ಹೊಸ ಕವಚ ಸಿದ್ಧವಾಗುತ್ತದೆ. ಬೆನ್ನಿನ ಹಿಂಭಾಗದಲ್ಲಿ ಹಳೆಯದು ಬಾಯಿ ಬಿಡುತ್ತದೆ. ಏಡಿ ಹಿಂದಕ್ಕೆ ಸರಿಯುತ್ತಾ ಹೊರಗೆ ಬರುತ್ತದೆ. ಕಾಲಿನ ಹೊದಿಕೆ, ಕಣ್ಣಿನ ಹೊದಿಕೆ, ಕೊನೆಗೆ ಜಠರದ ಒಳಪದರ ಕೂಡ ಹಳೆಯ ಕವಚದ ಜೊತೆ ಕಳಚಿಕೊಳ್ಳುತ್ತದೆ. ಆಮೇಲೆ ನೀರು ಹೀರಿ ಮೈ ಉಬ್ಬಿಸಿಕೊಂಡು, ಹೊಸ ಕವಚ ಗಟ್ಟಿಯಾಗುವವರೆಗೆ ಅಡಗಿ ಕೂರುತ್ತದೆ.

ಈಗ ಜಿರಳೆ ನೆನಪಿಸಿಕೊಳ್ಳಿ. ಯಾವಾಗಲಾದರೂ ಹಾಲಿನಂಥ ಬಿಳಿ ಜಿರಳೆ ಕಂಡಿದ್ದರೆ ಅದು ಬೇರೆ ಜಾತಿಯದು ಅಂದುಕೊಂಡಿರಬಹುದು. ಅದು ಆಗಷ್ಟೇ ಪೊರೆ ಬಿಟ್ಟ ಜಿರಳೆ. ಕೆಲವು ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಏಡಿ ಮಾಡಿದ್ದನ್ನೇ ಇದೂ ಮಾಡಿದೆ. ಎರಡರಲ್ಲೂ ಪೊರೆ ಬಿಡಿಸುವುದು ಎಕ್ಡೈಸೋನ್ ಬಳಗದ ಹಾರ್ಮೋನುಗಳೇ. ಹೀಗೆ ಪೊರೆ ಬಿಟ್ಟು ಬೆಳೆಯುವ ಪ್ರಾಣಿಗಳ ದೊಡ್ಡ ಬಳಗಕ್ಕೆ 1997ರಲ್ಲಿ ‘ಎಕ್ಡೈಸೋಜೋವಾ’ ಎಂದು ಹೆಸರಿಟ್ಟರು. ಸಿಂಪಿ ಇದರಲ್ಲಿ ಇಲ್ಲ. ಅದರ ನೆಂಟಸ್ತಿಕೆ ಎರೆಹುಳುವಿನ ಕಡೆಗೆ. ಈ ಎರಡು ಬಳಗ ಬೇರೆಯಾಗಿ 50 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು.

ಒಂದು ಎಚ್ಚರಿಕೆ. ಏಡಿಗೂ ಆಕ್ಟೋಪಸ್‌ಗೂ ರಕ್ತದಲ್ಲಿ ಆಮ್ಲಜನಕ ಒಯ್ಯುವುದು ತಾಮ್ರ ಇರುವ ನೀಲಿ ಹೀಮೋಸಯನಿನ್. ‘ಹಾಗಿದ್ದರೆ ಅವು ಹತ್ತಿರದವಲ್ಲವೇ?’ ಎಂದು ಕೇಳಬಹುದು. ಹೆಸರು ಒಂದೇ ಆದರೂ ಎರಡರ ಪ್ರೋಟೀನು ರಚನೆ ಬೇರೆ. ಎರಡು ಬಳಗಗಳಲ್ಲೂ ಅದು ಬೇರೆ ಬೇರೆಯಾಗಿಯೇ ಹುಟ್ಟಿಕೊಂಡಿದೆ.

ಬಾರ್ನಕಲ್ ಕಲಿಸಿದ ಪಾಠ

ಬಾರ್ನಕಲ್‌ಗಳು ಕಡಲ ಬಂಡೆಗೆ, ಹಡಗಿನ ತಳಕ್ಕೆ ಅಂಟಿಕೊಂಡಿರುವ ಸುಣ್ಣದ ಗೂಡಿನಂಥ ಜೀವಿಗಳು. ನೋಡಿದರೆ ಚಿಪ್ಪುಪ್ರಾಣಿಯೇ. ಬಹಳ ಕಾಲ ಅವನ್ನು ಮೃದ್ವಂಗಿಗಳ ಜೊತೆಗೇ ಇಟ್ಟಿದ್ದರು. ನಿಸರ್ಗತಜ್ಞ ಜಾನ್ ವಾಘನ್ ಥಾಂಪ್ಸನ್ ಅವುಗಳ ಮರಿಗಳನ್ನು ಗಮನಿಸಿ 1830ರಲ್ಲಿ ಪ್ರಕಟಿಸಿದರು. ಮರಿಗಳು ಸೀಗಡಿ ಬಳಗದ ಮರಿಗಳಂತೆ ಕಾಲು ಬಡಿಯುತ್ತಾ ಈಜುತ್ತಿದ್ದವು! ಈಜಾಡಿ ಮುಗಿದ ಮೇಲೆ ತಲೆಯ ಕಡೆಯಿಂದ ಬಂಡೆಗೆ ಅಂಟಿಕೊಂಡು ಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಹೊರಗಿನ ಗಟ್ಟಿ ಹೊದಿಕೆ ನೋಡಿ ನೆಂಟಸ್ತಿಕೆ ಹೇಳಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೀಟಗಳು ದಾಯಾದಿಗಳಾ, ಮನೆಮಕ್ಕಳಾ?

1758ರಲ್ಲಿ ಜೀವಿಗಳ ವರ್ಗೀಕರಣಕ್ಕೆ ಹೆಸರಾದ ಲಿನಿಯಸ್ ಏಡಿಯನ್ನು ಕೀಟಗಳ ಗುಂಪಿನಲ್ಲೇ ಇಟ್ಟಿದ್ದ. ಜೇಡ, ಚೇಳುಗಳೂ ಅಲ್ಲೇ ಇದ್ದವು. ಆಮೇಲೆ ಏಡಿ, ಸೀಗಡಿಗಳನ್ನು ಕ್ರಸ್ಟೇಶಿಯನ್ ಎಂದು ಬೇರೆ ಮಾಡಿದರು. ಕೀಟಗಳನ್ನು ಶತಪದಿ, ಸಹಸ್ರಪದಿಗಳ ಜೊತೆ ಸೇರಿಸಿದರು. ಕಾರಣಗಳು ಚೆನ್ನಾಗಿಯೇ ಇದ್ದವು. ಇಬ್ಬರಿಗೂ ಒಂದೇ ಜೊತೆ ಕುಡಿಮೀಸೆ, ಕವಲಿಲ್ಲದ ಕಾಲು, ಉಸಿರಾಡಲು ಮೈಯೊಳಗೆ ಗಾಳಿಕೊಳವೆ. ಕ್ರಸ್ಟೇಶಿಯನ್‌ಗಳಿಗೆ ಎರಡು ಜೊತೆ ಕುಡಿಮೀಸೆ, ಹಲವಕ್ಕೆ ಕಿವಿರು.

ತೊಂದರೆ ಏನೆಂದರೆ, ನೆಲದ ಮೇಲೆ ಬದುಕಬೇಕಾದ ಯಾವ ಜೀವಿಗಾದರೂ ಗಾಳಿಕೊಳವೆ ಉಪಯೋಗಕ್ಕೆ ಬರುತ್ತದೆ. ಅದು ಬೇರೆ ಬೇರೆ ಬಳಗಗಳಲ್ಲಿ ಮತ್ತೆ ಮತ್ತೆ ಹುಟ್ಟಬಹುದು. ಹಲವು ಜೇಡಗಳಲ್ಲೂ ಇದೆ. ಹಾಗಾಗಿ ಬದುಕಿನ ಅಗತ್ಯಕ್ಕೆ ಸಂಬಂಧವೇ ಇಲ್ಲದ ಒಂದು ಗುರುತು ಬೇಕಿತ್ತು.

ಅದು 1998ರಲ್ಲಿ ಸಿಕ್ಕಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದೊಳಗೆ ಬಳೆಯಂಥ ಒಂದು ಡಿಎನ್‌ಎ ಇದೆ. ಅದರಲ್ಲಿ ಸಾಮಾನ್ಯವಾಗಿ 37 ಜೀನುಗಳು, ಬಳೆಯ ಸುತ್ತ ಒಂದು ಕ್ರಮದಲ್ಲಿ. ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಹೊತ್ತು ತರುವ ಟಿಆರ್‌ಎನ್‌ಎಯ ಒಂದು ಜೀನು ಕೀಟಗಳಲ್ಲಿ ತನ್ನ ಹಳೆಯ ಜಾಗ ಬಿಟ್ಟು, ಬೇರೆ ಎರಡು ಜೀನುಗಳ ನಡುವೆ ಬಂದು ಕೂತಿದೆ. ಕ್ರಸ್ಟೇಶಿಯನ್‌ಗಳಲ್ಲೂ ಅದೇ ಜೀನು, ಅದೇ ಜಾಗದಲ್ಲಿ. ಶತಪದಿ, ಜೇಡಗಳಲ್ಲಿ ಮಾತ್ರ ಅದು ಹಳೆಯ ಜಾಗದಲ್ಲೇ ಇದೆ. ಹೀಗೆ ಜಾಗ ಬದಲಿಸುವುದರಿಂದ ಪ್ರಾಣಿಗೆ ವಿಶೇಷ ಲಾಭ ಇದ್ದಂತೆ ಕಾಣಲ್ಲ. ತೀರಾ ಅಪರೂಪಕ್ಕೆ ನಡೆಯುವ ಸಂಗತಿ. ಎರಡು ಬಾರಿ, ಅದೂ ಒಂದೇ ಜಾಗಕ್ಕೆ ಸುಮ್ನೆ ಬಂದು ಬೀಳುವುದು ಕಷ್ಟ. ಇಬ್ಬರ ಪೂರ್ವಜ ಒಬ್ಬನೇ, ಅವನಿಂದಲೇ ಬಂದಿದೆ ಅನ್ನುವುದೇ ಸರಿಯಾದ ಉತ್ತರ. ಇದು ಓದಿದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಬಳೆಯನ್ನು ನಾಲ್ಕು ಸಲ ಬರೆದು ನೋಡಿದೆ. ನೀವೂ ಬರೆದು ನೋಡಿ, ಮರೆಯಲ್ಲ.

2010ರಲ್ಲಿ 75 ಸಂಧಿಪದಿ ಪ್ರಭೇದಗಳ 62 ಜೀನುಗಳನ್ನು ಹೋಲಿಸಿದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು. ಕೀಟಗಳು ಕ್ರಸ್ಟೇಶಿಯನ್‌ಗಳ ಪಕ್ಕದ ಮನೆಯವಲ್ಲ, ಅದೇ ಮನೆಯ ಒಂದು ಕವಲು. ಹಕ್ಕಿಗಳು ಡೈನೋಸಾರ್ ಬಳಗದ ಕವಲಾದ ಹಾಗೆ. ಈ ಪೂರ್ತಿ ಮನೆಗೆ ‘ಪ್ಯಾನ್‌ಕ್ರಸ್ಟೇಶಿಯಾ’ ಎಂಬ ಹೆಸರಿದೆ. ಪರೀಕ್ಷೆಗೆ ಈ ಒಂದು ಪದ ನೆನಪಿಟ್ಟುಕೊಳ್ಳಿ.

ಇವತ್ತು ಬದುಕಿರುವ ಕ್ರಸ್ಟೇಶಿಯನ್‌ಗಳಲ್ಲಿ ಕೀಟಗಳಿಗೆ ಅತಿ ಹತ್ತಿರದವು ರೆಮಿಪೀಡ್‌ಗಳು ಎನ್ನುವುದು ಈಗ ಹೆಚ್ಚಿನವರು ಒಪ್ಪುವ ಮಾತು. ಇವನ್ನು ಮೊದಲು ಜೀವಂತವಾಗಿ ಕಂಡದ್ದು 1979ರಲ್ಲಿ, ಬಹಾಮಾಸ್‌ನ ನೀರು ತುಂಬಿದ ಗುಹೆಯಲ್ಲಿ, ಜಿಲ್ ಯಾಗರ್. ಬಣ್ಣವಿಲ್ಲ, ಕಣ್ಣಿಲ್ಲ, ಉದ್ದ ಮೈಗೆ ಸಾಲು ಸಾಲು ಕಾಲು. ನೋಡಲು ಈಜುವ ಶತಪದಿಯಂತೆ. ಆದರೂ ಅದು ಏಡಿಗಿಂತ ಚಿಟ್ಟೆಗೆ ಹತ್ತಿರ.

ಅಲರ್ಜಿ ಇರುವವರಿಗೆ

ಸೀಗಡಿ ಅಲರ್ಜಿಗೆ ಮುಖ್ಯ ಕಾರಣ ಟ್ರೋಪೊಮಯೋಸಿನ್ ಎಂಬ ಸ್ನಾಯು ಪ್ರೋಟೀನ್. ಕೀಟಗಳಲ್ಲೂ ಅದು ತುಂಬ ಹೋಲುತ್ತದೆ. ಹಾಗಾಗಿ ಸೀಗಡಿ ಆಗದವರು ಕೀಟಗಳಿಂದ ಮಾಡಿದ ಆಹಾರದ ಬಗ್ಗೆಯೂ ಹುಷಾರಾಗಿರಬೇಕು. ಮೃದ್ವಂಗಿಗಳ ಟ್ರೋಪೊಮಯೋಸಿನ್‌ನಲ್ಲಿ ವ್ಯತ್ಯಾಸ ಜಾಸ್ತಿ. ಸೀಗಡಿ ಆಗದ ಎಲ್ಲರಿಗೂ ಸಿಂಪಿಯೂ ಆಗಲ್ಲ ಅಂತೇನಿಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ನೆಲಕ್ಕೆ ಬಂದ ಇನ್ನೊಬ್ಬರು

ಒದ್ದೆ ಕಲ್ಲು ಎತ್ತಿದಾಗ ಕೆಳಗೆ ಬೂದುಬಣ್ಣದ, ಮೈಮೇಲೆ ಪಟ್ಟಿ ಪಟ್ಟಿ ಇರುವ ಪುಟ್ಟ ಜೀವಿ ಸಿಗುತ್ತದೆ. ವುಡ್‌ಲೌಸ್ ಅಂತಾರೆ. ಮುಟ್ಟಿದರೆ ಕೆಲವು ಉಂಡೆಯಾಗಿ ಸುತ್ತಿಕೊಳ್ಳುತ್ತವೆ. ಹುಳು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಇದು ಏಡಿಯ ಕಡೆಯ ಕ್ರಸ್ಟೇಶಿಯನ್, ಕೀಟಗಳ ದಾರಿಯಲ್ಲಿ ಬಾರದೆ ತನ್ನದೇ ದಾರಿಯಲ್ಲಿ ನೆಲಕ್ಕೆ ಬಂದದ್ದು. ಕಾಲು ಎಣಿಸಿ, ಆರಲ್ಲ, ಹದಿನಾಲ್ಕು. ಉಸಿರಾಟ ಇನ್ನೂ ಹೊಟ್ಟೆಯ ಕೆಳಗಿನ ಎಲೆಯಂಥ ಅಂಗಗಳಿಂದಲೇ. ಅವು ಒಣಗಿದರೆ ಸಾವು. ಅದಕ್ಕೇ ಅದು ಕಲ್ಲಿನ ಕೆಳಗಿನ ಒದ್ದೆ ಬಿಟ್ಟು ದೂರ ಹೋಗುವುದಿಲ್ಲ.